ನಿಮಗಿದು ಗೊತ್ತೇ? ಯೋಧನ ಬಾಯಿಗೆ ಬೀಗ, ಬೀಗಕ್ಕೆ ಕೀಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮಿಲ್ಟ್ರಿಗೆ ಮಗನನ್ನು ಕಳಿಸಿದ ಮನೆಗಳಿಗೆ ಬರವಿಲ್ಲ. ಸೂಟಿಗೆ ಬಂದ ಹುಡುಗನನ್ನು ಗುಡಿ ಕಟ್ಟೆಯ ಮೇಲೆ ಕೂಡ್ರಿಸಿಕೊಂಡು, "ಗಡಿಯೊಳಗ ಏನ್ ನಡದೈತೆಪಾ? ಈ ಕಾರ್ಯಾಚರಣೆ ಬರೋಬ್ಬರಿ ಅನಸ್ತದೇನು?" ಎಂದು ಕೇಳಿ ನೋಡಿ. "ಎಲ್ಲಾ ಚಲೋ ಐತ್ರಿ ಕಾಕಾ" ಎಂದು ಚಹಾದ ಕಪ್ಪು ಕೆಳಗಿಟ್ಟು ಮಾತು ಮಳೆ-ಬೆಳೆಗೆ ತಿರುಗಿಸುತ್ತಾನೆ. ಆ ಉತ್ತರದ ಬೆನ್ನಿಗೆ ಸಂವಿಧಾನದ ಒಂದು ವಿಧಿ, ಒಂದು ಕಾಯ್ದೆ, ಮೂರು ನಿಯಮಗಳು ನಿಂತಿವೆ.

• ನಮಗೆಲ್ಲ ಮಾತಿನ ಹಕ್ಕು ಕೊಟ್ಟದ್ದು ಸಂವಿಧಾನದ 19ನೇ ವಿಧಿ. ಆ ಹಕ್ಕನ್ನು ಸೈನಿಕರ ಮಟ್ಟಿಗೆ ಎಷ್ಟು ಬೇಕೋ ಅಷ್ಟು ಕತ್ತರಿಸುವ ಅಧಿಕಾರ ಸಂಸತ್ತಿಗೆ ಕೊಟ್ಟದ್ದು 33ನೇ ವಿಧಿ. 1984ರ 50ನೇ ತಿದ್ದುಪಡಿ ಈ ಕತ್ತರಿಯನ್ನು ಗುಪ್ತಚರ ಸಂಸ್ಥೆಗಳವರ ಮೇಲೂ ಆಡಿಸಿತು.

• 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್ ಮೂರು ಸಂಗತಿಗಳ ಮೇಲೆ ನಿರ್ಬಂಧ ಹೇರಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ: ಸಂಘ ಕಟ್ಟುವುದು, ಸಭೆ-ಮೆರವಣಿಗೆಗೆ ಹೋಗುವುದು, ಪತ್ರಿಕೆಗೆ ಹೇಳುವುದು ಅಥವಾ ಪುಸ್ತಕ ಬರೆಯುವುದು. ಅದರಡಿ ಬಂದವೇ 1954ರ ಸೇನಾ ನಿಯಮ 19, 20 ಮತ್ತು 21. ರಾಜಕೀಯ ಪ್ರಶ್ನೆ, ಸೇನೆಗೆ ಸಂಬಂಧಿಸಿದ ವಿಷಯ, ಸೇನೆಯ ಮಾಹಿತಿ, ಈ ಮೂರರಲ್ಲಿ ಯಾವುದನ್ನೇ ಆಗಲಿ ಮೊದಲೇ ಅನುಮತಿ ಪಡೆಯದೆ ಅಚ್ಚಿಗೆ ಕೊಡುವಂತಿಲ್ಲ, ಭಾಷಣದಲ್ಲಿ ಆಡುವಂತಿಲ್ಲ. ನೇರವಾಗಿಯೂ ಇಲ್ಲ, ಇನ್ನೊಬ್ಬರ ಕೈಯಿಂದಲೂ ಇಲ್ಲ. ಕಾರ್ಯಾಚರಣೆಯ ಬಗೆಗಿನ ಅಭಿಪ್ರಾಯ ಈ ಮೂರರಲ್ಲಿ ಯಾವ ಖಾನೆಗೆ ಸೇರುತ್ತದೆ ಎಂದು ಕೇಳಬೇಡಿ. ಮೂರಕ್ಕೂ ಸೇರುತ್ತದೆ.

• ಶಿಸ್ತು ಮೀರಿದರೆ ಅದೇ ಕಾಯ್ದೆಯ 63ನೇ ಸೆಕ್ಷನ್ ಇದೆ. ಗರಿಷ್ಠ 7 ವರ್ಷ ಸೆರೆ.

• ಸೂಟಿಯಲ್ಲಿದ್ದಾಗ ಸಮವಸ್ತ್ರ ಗೂಟಕ್ಕೆ ತೂಗುಬಿದ್ದಿದ್ದರೂ ಕಾಯ್ದೆ ಮೈಮೇಲೆಯೇ ಇರುತ್ತದೆ. 2021ರ ಅಕ್ಟೋಬರ್‌ನಲ್ಲಿ ಸಿಂದಗಿ ಉಪಚುನಾವಣೆ ನಡೆದಾಗ ಊರಿಗೆ ಬಂದಿದ್ದ ಜವಾನನೊಬ್ಬ ಗೆಳೆಯರ ಜತೆ ಪ್ರಚಾರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದರೂ ರಾಜಕೀಯ ಸಭೆಗೆ ಹೋಗಬಾರದೆಂಬ 20ನೇ ನಿಯಮ ಮುರಿದಂತೆಯೇ. ಭಾಷಣ ಮಾಡಬೇಕೆಂದೇನಿಲ್ಲ.

• ಬೀಗ ಬಂದೂಕು ಹಿಡಿದವರಿಗೆ ಮಾತ್ರ ಎಂದುಕೊಂಡಿದ್ದೀರಾ? ಸೇನಾ ನೆಲೆಗಳ ಅಡುಗೆಯವರು, ಕ್ಷೌರಿಕರು, ಬಡಗಿಗಳು ತಮಗೊಂದು ಯೂನಿಯನ್ ಬೇಕೆಂದು ಸುಪ್ರೀಂ ಕೋರ್ಟ್‌ ಮೆಟ್ಟಿಲು ಹತ್ತಿದ್ದರು. 33ನೇ ವಿಧಿ ನಿಮಗೂ ಅನ್ವಯಿಸುತ್ತದೆ ಎಂದು 1975ರಲ್ಲಿ ಕೋರ್ಟು ಹೇಳಿ ಕಳಿಸಿತು.

• ಒಂದು ಕೀಲಿ ಮಾತ್ರ ಯಾರೂ ಕಸಿದುಕೊಂಡಿಲ್ಲ: ಮತ. ಮೊದಲು ಹೇಳಿದ ನಾಲ್ಕೂ ಊರುಗಳು ವಿಜಯಪುರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಸೇರಿವೆ. ಇಂಡಿಯ ಹುಡುಗ ಲೇಹ್‌ನಲ್ಲಿದ್ದರೂ ಅವನ ಹೆಸರು ಇಂಡಿಯ ಸೇವಾ ಮತದಾರರ ಪಟ್ಟಿಯಲ್ಲಿರುತ್ತದೆ. ಮತಪತ್ರ ಇಂಟರ್‌ನೆಟ್‌ ಮೂಲಕ ಯೂನಿಟ್‌ಗೆ ಬರುತ್ತದೆ, ಅಲ್ಲಿ ಪ್ರಿಂಟ್‌ ಆಗುತ್ತದೆ. ಗುರುತು ಹಾಕಿ ಮಡಚಿ 13-ಬಿ ಎಂಬ ಒಳ ಲಕೋಟೆಗೆ ಸೇರಿಸಬೇಕು. 13-ಎ ಎಂಬ ಘೋಷಣಾ ಪತ್ರಕ್ಕೆ ಸಹಿ ಹಾಕಿ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಎರಡನ್ನೂ 13-ಸಿ ಎಂಬ ಹೊರ ಲಕೋಟೆಗೆ ಹಾಕಿ ಅಂಟಿಸಬೇಕು. ಅಂಚೆಚೀಟಿ ಬೇಡ. ಹೋಗುವುದು ಇಂಟರ್‌ನೆಟ್‌ ವೇಗದಲ್ಲಿ, ಬರುವುದು ಟಪಾಲಿನವನ ಸೈಕಲ್ಲಿನಲ್ಲಿ ಎನ್ನುವುದೇ ಇದರ ತೊಡಕು. ಎಣಿಕೆಯ ದಿನ ಬೆಳಿಗ್ಗೆ 8 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಗೆ ತಲುಪದ ಲಕೋಟೆಯನ್ನು ಒಡೆಯುವುದೇ ಇಲ್ಲ. ಸರ್ಕಾರದ ಯುದ್ಧನೀತಿ ಹಿಡಿಸಿತೋ ಇಲ್ಲವೋ ಎಂದು ಸೈನಿಕ ಯಾರ ಅನುಮತಿಯೂ ಇಲ್ಲದೆ ಹೇಳುವ ಏಕೈಕ ಕಾಗದ ಅದು. ಅದಕ್ಕೊಂದು ವೇಗದ ದಾರಿ ಮಾಡಿಕೊಡದಿರುವುದು ನನಗಂತೂ ಸರಿಕಾಣುವುದಿಲ್ಲ.

• ಇನ್ನೊಂದು ದಾರಿ ಇದೆ. 2003ರಿಂದ ಸೈನಿಕ ತನ್ನ ಪರವಾಗಿ ಊರಿನಲ್ಲಿ ಒಬ್ಬರನ್ನು ಮತ ಹಾಕಲು ನೇಮಿಸಬಹುದು. ಮುದ್ದೇಬಿಹಾಳದ ಅಪ್ಪ ತನ್ನ ಮತಕ್ಕೆ ಎಡಗೈ ತೋರುಬೆರಳಿಗೆ ಶಾಯಿ ಹಾಕಿಸಿಕೊಂಡರೆ, ಮಗನ ಪರವಾದ ಮತಕ್ಕೆ ಶಾಯಿ ಬೀಳುವುದು ಎಡಗೈ ನಡುಬೆರಳಿಗೆ. ಶಾಯಿ ಮಾತ್ರ ಎರಡಕ್ಕೂ ಮೈಸೂರಿನದೇ.

• ಸೈನಿಕನ ಜತೆ ವಾಸಿಸುವ ಹೆಂಡತಿ ಸೇವಾ ಮತದಾರಳಾಗಬಹುದಿತ್ತು. ಸೇನೆಯಲ್ಲಿರುವ ಹೆಂಡತಿಯ ಜತೆಗಿರುವ ಗಂಡನಿಗೆ ಆ ಹಕ್ಕಿರಲಿಲ್ಲ! 2021ರ ಕಾನೂನು ತಿದ್ದುಪಡಿ ಅದನ್ನು ಸರಿಪಡಿಸಿತು.

• ಸೈನಿಕ ರಾಜಕೀಯ ಮಾತಾಡುವಂತಿಲ್ಲ. ಆದರೆ ಅವನ ಚಿತ್ರ ಮಾತಾಡುತ್ತಿತ್ತು. ಯೋಧರ ಫೋಟೊಗಳನ್ನು ಪ್ರಚಾರದ ಪೋಸ್ಟರ್‌ಗಳಲ್ಲಿ ಬಳಸಬೇಡಿ ಎಂದು ಚುನಾವಣಾ ಆಯೋಗ ಪಕ್ಷಗಳಿಗೆ 2013ರಲ್ಲಿ ಒಮ್ಮೆ, ಬಾಲಾಕೋಟ್‌ ದಾಳಿಯ ನಂತರ 2019ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

• ವಿಜಯಪುರದ ಸೈನಿಕ ಶಾಲೆ ಶುರುವಾದದ್ದು 1963ರ ಸೆಪ್ಟೆಂಬರ್ 16ರಂದು. ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗೆ ಈ ತಾಲ್ಲೂಕುಗಳ ಅಪ್ಪಂದಿರು ಮಕ್ಕಳನ್ನು ಟ್ಯೂಷನ್ನಿಗೆ ಹಾಕಿ ತಯಾರು ಮಾಡುವುದು ಈ ಶಾಲೆಗೇ. ಸೇನೆಯ ಉಪಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಬಿ.ಎಸ್. ರಾಜು ಇಲ್ಲಿ ಓದಿದವರು. ಸೇನೆ ಬಿಟ್ಟು ವಿಮಾನ ಕಂಪನಿ ಕಟ್ಟಿ, ಪತ್ರಿಕೆಗಳಲ್ಲಿ ಧಾರಾಳವಾಗಿ ಅಭಿಪ್ರಾಯ ಬರೆಯುವ ಕ್ಯಾಪ್ಟನ್ ಗೋಪಿನಾಥ್ ಕೂಡ ಇಲ್ಲಿಯವರೇ. ಇಂಥ ಶಾಲೆಗಳ ಯೋಜನೆ 1961ರಲ್ಲಿ ಹೊಳೆದದ್ದು ಅಂದಿನ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರಿಗೆ. ಅದೇ ಮೆನನ್ ಜತೆ ಜಗಳವಾಡಿ ಬಾಯಿ ತೆರೆಯಹೊರಟು ಮುಚ್ಚಿಕೊಂಡ ಕನ್ನಡನಾಡಿನ ದಂಡನಾಯಕರೊಬ್ಬರಿದ್ದಾರೆ.

• ಅವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1959ರ ಆಗಸ್ಟ್ 31ರಂದು ಸೇನಾ ಮುಖ್ಯಸ್ಥನ ಹುದ್ದೆಗೆ ರಾಜೀನಾಮೆ ಬರೆದುಕೊಟ್ಟರು. ನೆಹರೂ ಕರೆಸಿ ಸಮಾಧಾನ ಹೇಳಿದರು, ತಿಮ್ಮಯ್ಯ ಹಿಂದೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಎದ್ದು ನಿಂತ ಪ್ರಧಾನಿ, ಸಮಾಧಾನ ಹೇಳಿದ ಅದೇ ಜನರಲ್ಲರ ನಡೆಯನ್ನು ಟೀಕಿಸಿದರು. ತಿಮ್ಮಯ್ಯ ಉತ್ತರಿಸುವಂತಿರಲಿಲ್ಲ. ಸಂಸತ್ತಿಗೆ ಪ್ರವೇಶವಿಲ್ಲ, ಪತ್ರಿಕೆಗೆ ಹೇಳಲು ನಿಯಮವಿಲ್ಲ. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. 1962ರ ಜುಲೈನಲ್ಲಿ 'ಸೆಮಿನಾರ್' ಪತ್ರಿಕೆಗೆ ಲೇಖನ ಬರೆದು, ಬಹಿರಂಗ ಯುದ್ಧದಲ್ಲಿ ಚೀನಾವನ್ನು ಭಾರತ ಒಂಟಿಯಾಗಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂದರು. ಮೂರು ತಿಂಗಳಲ್ಲಿ ಚೀನಾ ಮೇಲೇರಿ ಬಂತು. ನವೆಂಬರ್‌ನಲ್ಲಿ ಮೆನನ್ ಸಂಪುಟದಿಂದ ಹೊರನಡೆದರು. ಹುದ್ದೆಯಲ್ಲಿದ್ದಾಗ ಈ ಲೇಖನ ಬರೆಯಲು ಬಿಟ್ಟಿದ್ದರೆ ಏನಾಗುತ್ತಿತ್ತು? ಕೇಳಬಹುದು, ಆದರೆ ಸೇನಾಪತಿಗಳೆಲ್ಲ ಪತ್ರಿಕೆಯಲ್ಲಿ ಸರ್ಕಾರದ ಜತೆ ವಾದಕ್ಕಿಳಿದ ನೆರೆದೇಶಗಳ ಗತಿಯನ್ನೂ ಜತೆಗೇ ನೆನೆಯಬೇಕು.

• ಇನ್ನೊಬ್ಬ ಕೊಡವ, ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕಾರ್ಯಪ್ಪ, ಬಾಯಿ ಕಟ್ಟಿಕೊಂಡವರಲ್ಲ. ಪತ್ರಿಕಾಗೋಷ್ಠಿ ಕಡಿಮೆ ಮಾಡಿ ಎಂದು 1952ರಲ್ಲಿ ನೆಹರೂ ಅವರೇ ಕಾರ್ಯಪ್ಪನವರಿಗೆ ಪತ್ರ ಬರೆಯಬೇಕಾಯಿತು. ನಿವೃತ್ತರಾದ ಮೇಲೆ 1971ರಲ್ಲಿ ಮುಂಬೈನಿಂದ ಲೋಕಸಭೆಗೆ ನಿಂತು ಸೋತರು.

• ಕನ್ನಡಿಗರು ಮುಗಿಬಿದ್ದು ಓದಿದ 'ಹಿಮಾಲಯನ್ ಬ್ಲಂಡರ್' ರವಿ ಬೆಳಗೆರೆ ಅವರ ಅನುವಾದ. ಮೂಲ ಬರೆದ ಬ್ರಿಗೇಡಿಯರ್ ಜಾನ್ ದಳವಿ 1962ರಲ್ಲಿ 7ನೇ ಬ್ರಿಗೇಡ್‌ನ ಮುಖ್ಯಸ್ಥರಾಗಿ ಚೀನೀಯರಿಗೆ ಸೆರೆಸಿಕ್ಕವರು. ಪುಸ್ತಕ ಬಂದದ್ದು ಸೇನೆ ಬಿಟ್ಟ ಮೇಲೆ, 1969ರಲ್ಲಿ. ಅದೇ ಸೋಲಿನ ಬಗ್ಗೆ ಸೇನೆಯೇ ಬರೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಬಿಡುಗಡೆ ಮಾಡಲಿಲ್ಲ. ಅದರ ಒಂದು ಭಾಗ 2014ರಲ್ಲಿ ಹೊರಬಿದ್ದದ್ದು ವಿದೇಶಿ ಪತ್ರಕರ್ತರೊಬ್ಬರಿಂದ.

• ಶ್ರೀಲಂಕಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆ 1987ರಿಂದ 1990ರವರೆಗೆ ಸುಮಾರು 1,200 ಜೀವ ಕಳೆದುಕೊಂಡಿತು. ಆ ಹೊತ್ತಿನಲ್ಲಿ ಯಾವ ಜವಾನನೂ ಬಹಿರಂಗವಾಗಿ "ಇದು ಯಾಕೆ?" ಎಂದು ಕೇಳುವಂತಿರಲಿಲ್ಲ. ಕೇಳಿದ್ದು ನಂತರ, ಜನರಲ್‌ಗಳ ಪುಸ್ತಕಗಳು. ನಮ್ಮ ಕಡೆಯ ಹೆಸರೇ ಎನಿಸುವ ಎಸ್.ಸಿ. ಸರದೇಶಪಾಂಡೆ 1992ರಲ್ಲಿ ಜಾಫ್ನಾದ ಅನುಭವ ಬರೆದರು. ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಮಾತುಕತೆಗೆ ಕರೆದು ಹಿಡಿಯಿರಿ ಅಥವಾ ಕೊಲ್ಲಿರಿ ಎಂದು ರಾಜತಾಂತ್ರಿಕರು ಹೇಳಿದಾಗ ತಾನು ಒಪ್ಪಲಿಲ್ಲ ಎಂದು ಆ ಪಡೆಯ ಮುಖ್ಯಸ್ಥರಾಗಿದ್ದ ಹರ್ಕಿರತ್ ಸಿಂಗ್ ಬರೆದುಕೊಂಡದ್ದು 2007ರಲ್ಲಿ, ಘಟನೆಯಾಗಿ 20 ವರ್ಷಗಳ ಮೇಲೆ. ಬರೆದವರೆಲ್ಲ ಮೇಲಿನ ಸ್ಟಾರುಗಳವರೇ ಎನ್ನುವುದನ್ನು ಗಮನಿಸಿ. ಗುಂಡಿನ ಎದುರಿಗೆ ನಿಂತ ಸಿಪಾಯಿಯ ಪುಸ್ತಕ ಯಾವ ಕಪಾಟಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

• ಸಿಂದಗಿ ದಾಟಿದರೆ ಸಿಗುವ ಸುರಪುರದಲ್ಲಿ ಒಂದು ಕಾಲಕ್ಕೆ ಬೇರೆಯದೇ ನಡೆಯುತ್ತಿತ್ತು. ನಿಜಾಮನ ಸೇನೆಯ ಕ್ಯಾಪ್ಟನ್ ಮೆಡೋಸ್ ಟೇಲರ್ ಸುರಪುರದ ಆಡಳಿತ ನೋಡಿಕೊಳ್ಳುತ್ತಲೇ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ವರದಿಗಾರರೂ ಆಗಿದ್ದರು, 1840ರಿಂದ 1853ರವರೆಗೆ! ಇಂದಿನ 21ನೇ ನಿಯಮ ಅಂದೇ ಇದ್ದಿದ್ದರೆ ಮೊದಲ ವಾರವೇ ಮನೆಗೆ ಹೋಗುತ್ತಿದ್ದರು.

• ಸೈನಿಕರ ಬಹಿರಂಗ ಸಹಿ ಸಂಗ್ರಹ ಕರ್ನಾಟಕಕ್ಕೆ ಹೊಸದೇನಲ್ಲ. ಡೇರೆಗಳ ಗುತ್ತಿಗೆಯಿಂದ ಬರುತ್ತಿದ್ದ ಆದಾಯ ತಪ್ಪಿತೆಂದು ಸಿಟ್ಟಾದ ಕಂಪನಿ ಸರ್ಕಾರದ ಮದ್ರಾಸ್ ಸೇನೆಯ ಬಿಳಿ ಅಧಿಕಾರಿಗಳು 1809ರಲ್ಲಿ ಮನವಿಗಳಿಗೆ ಸಹಿ ಹಾಕಿ ಹಂಚಿದರು. ಗವರ್ನರ್ ಬಾರ್ಲೊ ಅವರಲ್ಲಿ ಕೆಲವರನ್ನು ಅಮಾನತು ಮಾಡಿದ. ಶ್ರೀರಂಗಪಟ್ಟಣದ ಕೋಟೆಯವರು ದಂಗೆ ಎದ್ದರು. ಅವರ ಸಹಾಯಕ್ಕೆಂದು ಚಿತ್ರದುರ್ಗದಿಂದ ಹೊರಟ ಎರಡು ದಳಗಳನ್ನು ಆಗಸ್ಟ್‌ನಲ್ಲಿ ದಾರಿಯಲ್ಲೇ ಬಡಿಯಲಾಯಿತು, ಮೈಸೂರು ಸವಾರರೂ ಕೈಜೋಡಿಸಿದ್ದರು. ಸಹಿ ಹಾಕಿದವರು ಸಾಹೇಬರು, ಪೆಟ್ಟು ತಿಂದವರು ಡೇರೆಯ ದುಡ್ಡಿನಲ್ಲಿ ಕಾಸು ಪಾಲಿಲ್ಲದ ಸಿಪಾಯಿಗಳು.

• ಶೌರ್ಯ ಪದಕ ಪಡೆದ ಇಂಗ್ಲಿಷ್ ಕವಿ ಸೀಗ್‌ಫ್ರೀಡ್ ಸಸೂನ್, ಯುದ್ಧವನ್ನು ಬೇಕೆಂದೇ ಎಳೆಯಲಾಗುತ್ತಿದೆ ಎಂದು 1917ರಲ್ಲಿ ಹೇಳಿಕೆ ಕೊಟ್ಟ. ಬ್ರಿಟಿಷ್ ಸಂಸತ್ತಿನಲ್ಲಿ ಅದನ್ನು ಓದಲಾಯಿತು. ಸೇನೆ ಕೋರ್ಟ್ ಮಾರ್ಷಲ್ ಮಾಡಲಿಲ್ಲ, ನರರೋಗದ ಆಸ್ಪತ್ರೆಗೆ ಕಳಿಸಿತು. ಜಾಣತನವೆಂದರೆ ಅದು.

• ಜರ್ಮನಿಯಲ್ಲಿ ಸೈನಿಕನನ್ನು ಸಮವಸ್ತ್ರದಲ್ಲಿರುವ ನಾಗರಿಕ ಎನ್ನುತ್ತಾರೆ. ಅಲ್ಲಿ ಸೈನಿಕರ ಸಂಘವಿದೆ. 1959ರಿಂದ ಸಂಸತ್ತಿನದೇ ಒಬ್ಬ ಆಯುಕ್ತರಿದ್ದಾರೆ, ಮೇಲಧಿಕಾರಿಯನ್ನು ಕೇಳದೆ ಯಾವ ಸಿಪಾಯಿಯೂ ಅವರಿಗೆ ನೇರ ಪತ್ರ ಬರೆಯಬಹುದು.

• ನಮ್ಮಲ್ಲಿ ದೂರು ಹೇಳುವ ದಾರಿ ಸೇನಾ ಕಾಯ್ದೆಯ 26 ಮತ್ತು 27ನೇ ಸೆಕ್ಷನ್‌ಗಳಲ್ಲಿದೆ, ಜವಾನರಿಗೊಂದು, ಅಧಿಕಾರಿಗಳಿಗೊಂದು. ಯೂನಿಟ್‌ನಲ್ಲಿ ಸೈನಿಕ್ ಸಮ್ಮೇಳನ ನಡೆದಾಗ ಕಮಾಂಡಿಂಗ್ ಆಫೀಸರ್ ಸಾಹೇಬರು "ಯಾರದಾದರೂ ಪಾಯಿಂಟ್ ಇದೆಯೇ?" ಎಂದು ಕೇಳುತ್ತಾರೆ. ರೇಷನ್ನು, ಸೂಟಿ, ಕ್ವಾರ್ಟರ್ಸು ಪಾಯಿಂಟ್ ಆಗಬಹುದು. ಕಾರ್ಯಾಚರಣೆ ಸರಿಯೋ ತಪ್ಪೋ ಎನ್ನುವುದು ಪಾಯಿಂಟ್ ಅಲ್ಲ.

• ಇಂಥ ದಾರಿ ಬಿಟ್ಟು, ಊಟ ಕಳಪೆಯೆಂದು ಬೇಳೆ-ರೊಟ್ಟಿಯ ವಿಡಿಯೊ ಹರಿಬಿಟ್ಟ ಬಿಎಸ್‌ಎಫ್ ಜವಾನ ತೇಜ್ ಬಹದ್ದೂರ್ ಯಾದವ್ 2017ರ ಏಪ್ರಿಲ್‌ನಲ್ಲಿ ವಜಾ ಆದರು. 2019ರಲ್ಲಿ ವಾರಾಣಸಿಯಿಂದ ನಾಮಪತ್ರ ಸಲ್ಲಿಸಿದರು, ತಿರಸ್ಕೃತವಾಯಿತು. ಕಾರಣ: ಸರ್ಕಾರಿ ನೌಕರಿಯಿಂದ ವಜಾ ಆದವರು, ಅದು ಭ್ರಷ್ಟಾಚಾರಕ್ಕೋ ದೇಶನಿಷ್ಠೆ ತಪ್ಪಿದ್ದಕ್ಕೋ ಅಲ್ಲವೆಂದು ಚುನಾವಣಾ ಆಯೋಗದ ಪ್ರಮಾಣಪತ್ರ ತರಬೇಕು.

• 350ಕ್ಕೂ ಹೆಚ್ಚು ಸೇವಾನಿರತ ಸೈನಿಕರು 2018ರಲ್ಲಿ ಒಟ್ಟಾಗಿ ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇರುವ ಕಡೆ ಕರ್ತವ್ಯ ಮಾಡಿದ್ದಕ್ಕೆ ಕೇಸು ಹಾಕುವುದು ಸರಿಯಲ್ಲ ಎನ್ನುವುದು ಅವರ ವಾದ. ನವೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಪತ್ರಿಕೆಗೆ ಹೇಳಲಾಗದ್ದನ್ನು ಕೋರ್ಟಿನ ಅರ್ಜಿಯಲ್ಲಿ ಬರೆಯಬಹುದು ಎಂದಂತೂ ಆಯಿತು.

• 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿಹಾಕಿ ಎಂದು ಸೇನೆ ಆದೇಶಿಸಿತು. ಲೆಫ್ಟಿನೆಂಟ್ ಕರ್ನಲ್ ಒಬ್ಬರು ದೆಹಲಿ ಹೈಕೋರ್ಟ್‌ಗೆ ಹೋಗಿ ಸೋತರು.

• ಸೇನಾ ಮುಖ್ಯಸ್ಥರಾಗಿದ್ದ ಜನರಲ್ ನರವಣೆ ಅವರ ಆತ್ಮಕಥೆ 2024ರ ಜನವರಿಗೆ ಬರಬೇಕಿತ್ತು. ಅಗ್ನಿಪಥ ಯೋಜನೆ ತಮ್ಮನ್ನೂ ಚಕಿತಗೊಳಿಸಿತು ಎಂಬ ಭಾಗ ಮೊದಲೇ ಸುದ್ದಿಯಾಯಿತು. ಹಸ್ತಪ್ರತಿ ಪರಿಶೀಲನೆಗೆ ಹೋಯಿತು, ಪುಸ್ತಕ ಹೇಳಿದ ತಿಂಗಳಿಗೆ ಅಂಗಡಿಗೆ ಬರಲಿಲ್ಲ. ಬಿಎಸ್‌ಎಫ್‌, ಸಿಆರ್‌ಪಿಎಫ್‌ನಂಥ ಪಡೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ವಿಷಯ ಬರೆಯಬೇಕಾದರೆ ಅದರ ಮುಖ್ಯಸ್ಥರ ಒಪ್ಪಿಗೆ ಬೇಕು ಎಂದು 2021ರ ಪಿಂಚಣಿ ನಿಯಮ ಹೇಳುತ್ತದೆ.

• ನಿವೃತ್ತನಾಗಿ ಊರಿಗೆ ಬಂದವನನ್ನು ಬಾಗೇವಾಡಿ ಬಸ್‌ಸ್ಟ್ಯಾಂಡಿನಿಂದ ತೆರೆದ ಜೀಪಿನಲ್ಲಿ, ಡೊಳ್ಳು ಬಾರಿಸುತ್ತ ಮೆರವಣಿಗೆ ಮಾಡಿ ಕರೆತರುತ್ತೀರಿ. ಅಂದಿನಿಂದ ಅವನು ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು, ಸಭೆಯಲ್ಲಿ ಮೈಕು ಹಿಡಿಯಬಹುದು, ಪತ್ರಿಕೆಗೆ ಬರೆಯಬಹುದು. ಆದರೂ ಸೇವೆಯಲ್ಲಿದ್ದಾಗ ಮಾಡಿದ ತಪ್ಪಿಗೆ ಮೂರು ವರ್ಷದೊಳಗೆ ಕೋರ್ಟ್ ಮಾರ್ಷಲ್‌ಗೆ ಎಳೆಯಲು ಸೇನಾ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ದಂಗೆ, ಪರಾರಿಯಂಥ ಅಪರಾಧಕ್ಕೆ ಆ ಗಡುವೂ ಇಲ್ಲ. ಬ್ರಿಟಿಷರು 1923ರಲ್ಲಿ ತಂದ ಅಧಿಕೃತ ರಹಸ್ಯ ಕಾಯ್ದೆ ಜೀಪಿನಲ್ಲಿ ನಿಂತವನಿಗೂ ಅನ್ವಯಿಸುತ್ತದೆ, ಕಟ್ಟೆಯ ಮೇಲೆ ಕೂತು ಅವನನ್ನು ಕೆದಕಿ ಕೇಳುವ ಕಾಕಾನಿಗೂ.