ಸಂಜೆಯಲ್ಲಿ ಅರಳುವ ಪ್ರೇರಿಯ ಹೂವು

ಹೊತ್ತು ಇಳಿದ ಮೇಲೆ ಹಿತ್ತಿಲಿನಲ್ಲಿ ಸಂಜೆಮಲ್ಲಿಗೆಯು ಅರಳುವುದನ್ನು ನೋಡದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ವಿರಳ. ಆ ಗಿಡದ ತವರು ಅಮೆರಿಕ ಖಂಡದ ಉಷ್ಣಪ್ರದೇಶವೆಂಬುದು ಮಾತ್ರ ಎಲ್ಲರಿಗೂ ತಿಳಿದಿರಲಾರದು. ಅದೇ ಖಂಡದ ಉತ್ತರ ಭಾಗದಲ್ಲಿ, ಪ್ರೇರಿಯೆಂದು ಕರೆಯಲ್ಪಡುವ ವಿಶಾಲವಾದ ಹುಲ್ಲುಗಾವಲುಗಳಲ್ಲಿ, ಸಂಜೆಯನ್ನೇ ಕಾದಿದ್ದು ಅರಳುವ ಬೇರೊಂದು ಹೂವುಂಟು. ಅದಕ್ಕೆ ಈವ್ನಿಂಗ್ ಪ್ರಿಮ್‌ರೋಸ್ ಎಂದು ಹೆಸರು. 1753ರಲ್ಲಿ ಲಿನ್ನೇಯಸ್ ಪಂಡಿತನು ಇದನ್ನು ಈನೋಥೆರಾ ಬಿಯೆನ್ನಿಸ್ ಎಂದು ಕರೆದನು. ಆ ದೇಶದಲ್ಲಿ ನೆಲಸಿರುವ ಸೋದರಿಯರಿಗೂ, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ತಾಯ್ತಂದೆಗಳಿಗೂ ಇದನ್ನು ಗುರುತಿಸುವ ಬಗೆಯು ಪ್ರಯೋಜನಕರವಾದೀತು.

ಮಧ್ಯಾಹ್ನದಲ್ಲಿ ನೋಡಿದವರು ಇದನ್ನು ಕಳೆಯೆಂದೇ ಎಣಿಸುವರು. ಆಗ ಬಾಡಿ ಜೋತ ಹೂಗಳಲ್ಲದೆ ಬೇರೇನೂ ಕಾಣದು. ಆದುದರಿಂದ ಬೇಸಗೆಯ ಒಂದು ಸಂಜೆ ಗಿಡದ ಬಳಿ ನಿಂತು ನೋಡಬೇಕು. ಮೊಗ್ಗು ಕೆಲವೇ ನಿಮಿಷಗಳಲ್ಲಿ, ಕಣ್ಣೆದುರಿನಲ್ಲಿಯೇ, ಬಿಚ್ಚಿಕೊಳ್ಳುವುದು.

ಮೊದಲು ಎಸಳುಗಳನ್ನು ಎಣಿಸಿರಿ. ಹಳದಿಯ ಎಸಳು ನಾಲ್ಕು, ಕೇಸರಗಳು ಎಂಟು, ನಡುವಿನ ಶಲಾಕೆಯ ತುದಿಯು ನಾಲ್ಕಾಗಿ ಸೀಳಿ ಶಿಲುಬೆಯಂತೆ ತೋರುವುದು. ಹೂವಿನ ಕೆಳಗಿನ ಹಸುರು ದಳಗಳು ಹಿಂದಕ್ಕೆ ಬಾಗಿರುವುವು. ಅವುಗಳ ಕೆಳಗೆ ತೊಟ್ಟಿನಂತೆ ಕಾಣುವ ಉದ್ದವಾದ ಕೊಳವೆಯುಂಟು. ಅದರ ಬುಡದಲ್ಲಿ ಮಕರಂದವಿರುವುದು. ಗಿಡವು ಎರಡು ವರ್ಷ ಬಾಳತಕ್ಕದ್ದು. ಮೊದಲನೆಯ ವರ್ಷ ಎಲೆಗಳು ನೆಲಕ್ಕಂಟಿ ಚಕ್ರದಂತೆ ಹರಡಿರುವುವು. ಎರಡನೆಯ ವರ್ಷ ಮೂರರಿಂದ ಆರು ಅಡಿಗಳ ಕಾಂಡವೇಳುವುದು. ಹೂವು ಉದುರಿದ ಮೇಲೆ ಉಳಿಯುವ ಬೀಜಕೋಶವು ಒಣಗಿ, ತುದಿಯಲ್ಲಿ ನಾಲ್ಕಾಗಿ ಬಿರಿಯುವುದು.

ಮೋಸಹೋಗಬಾರದಾದ ಗಿಡಗಳೂ ಉಂಟು. ಯುರೋಪಿನಿಂದ ಬಂದ ಮಲ್ಲೀನ್ ಗಿಡಕ್ಕೂ ಎತ್ತರವಾದ ಕಾಂಡ, ಹಳದಿಯ ಹೂಗಳಿದ್ದರೂ ಎಸಳು ಐದು, ಎಲೆಗಳು ಉಣ್ಣೆಯಂತೆ. ವೈಟ್ ಕ್ಯಾಂಪಿಯನ್ ಎಂಬುದೂ ಸಂಜೆಯಲ್ಲಿಯೇ ಅರಳುವುದು. ಆದರೆ ಅದು ಬಿಳಿಯದು, ಐದೆಸಳಿನದು, ಪರದೇಶದ್ದು. ಹೆಸರಿನಲ್ಲಿ ಪ್ರಿಮ್‌ರೋಸ್ ಇದ್ದರೂ ನಮ್ಮ ಹೂವು ನಿಜವಾದ ಪ್ರಿಮ್‌ರೋಸಿನ ಕುಲದ್ದಲ್ಲ. ನಮ್ಮ ನಾಡಿನ ಗದ್ದೆಗಳ ಬದಿಯಲ್ಲಿ ಹಳದಿಯ ನಾಲ್ಕೆಸಳನ್ನು ಬಿಡುವ ಲಡ್ವಿಜಿಯಾ ಗಿಡಗಳೇ ಇದರ ನಂಟರು.

ಸಂಜೆಯಲ್ಲಿಯೇ ಅರಳುವುದೇಕೆ? ಕತ್ತಲಲ್ಲಿ ಹಾರುವ ಹಾಕ್ ಮಾತ್ ಪತಂಗಗಳು ತಮ್ಮ ನೀಳವಾದ ನಾಲಿಗೆಯನ್ನು ಆ ಕೊಳವೆಯೊಳಗಿಳಿಸಿ ಮಕರಂದವನ್ನು ಹೀರುವಾಗ ಪರಾಗವನ್ನು ಹೂವಿಂದ ಹೂವಿಗೆ ಒಯ್ಯುವುವು. ತಿಳಿಹಳದಿಯ ಬಣ್ಣವೂ ನಸುಗಂಪೂ ಅವುಗಳಿಗೆ ದಾರಿ ತೋರುವುವು. ಗುಲಾಬಿ, ಹಳದಿಗಳ ಬಣ್ಣದ ಚಿಕ್ಕ ಪತಂಗವೊಂದು ಹಗಲೆಲ್ಲ ಬಾಡಿದ ಹೂವಿನೊಳಗೆ ಅಡಗಿರುವುದುಂಟು. ಚಳಿಗಾಲದಲ್ಲಿ ಗೋಲ್ಡ್‌ಫಿಂಚ್ ಹಕ್ಕಿಗಳು ಇದರ ಬೀಜವನ್ನು ತಿನ್ನುವುವು.

ಈ ಬೀಜದ ತಾಳ್ಮೆಯೂ ಆಶ್ಚರ್ಯಕರವಾದುದು. 1879ರಲ್ಲಿ ಮಿಶಿಗನ್ನಿನ ಬೀಲ್ ಎಂಬ ಅಧ್ಯಾಪಕನು ಹಲವು ಕಳೆಗಳ ಬೀಜಗಳನ್ನು ಇಪ್ಪತ್ತು ಸೀಸೆಗಳಲ್ಲಿ ತುಂಬಿ ನೆಲದಲ್ಲಿ ಹೂಳಿದನು. ಎಂಭತ್ತು ವರ್ಷಗಳ ತರುವಾಯ, 1960ರಲ್ಲಿ, ಒಂದು ಸೀಸೆಯನ್ನು ತೆಗೆದು ಬಿತ್ತಲಾಗಿ, ಮೊಳೆತ ಮೂರು ಜಾತಿಗಳಲ್ಲಿ ಇದೂ ಒಂದಾಗಿದ್ದಿತು.

ಆದರೆ ಪ್ರೇರಿಗೆ ಅಂತಹ ಭಾಗ್ಯವಿಲ್ಲ. 1837ರಲ್ಲಿ ಇಲಿನಾಯಿಯ ಕಮ್ಮಾರ ಜಾನ್ ಡೀರನು ಉಕ್ಕಿನ ನೇಗಿಲನ್ನು ಮಾಡಿದಂದಿನಿಂದ ಆ ನೆಲವೆಲ್ಲ ಹೊಲವಾಯಿತು. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗೂ ಕಡಮೆ. ಈ ಹೂವು ಇನ್ನೂ ವಿರಳವಾಗಿಲ್ಲ. ದಾರಿಯ ಬದಿಯಲ್ಲಿಯೂ ಬದುಕಿಕೊಂಡಿದೆ. ಆದರೂ ಹೆಸರರಿಯದ ಕೈಯು ಮೊದಲ ವರ್ಷದ ಎಲೆಚಕ್ರವನ್ನು ಕಿತ್ತರೆ, ಎರಡನೆಯ ವರ್ಷದ ಹೂವೂ ಇಲ್ಲ, ಪತಂಗಕ್ಕೆ ಊಟವೂ ಇಲ್ಲ, ಹಕ್ಕಿಗೆ ಬೀಜವೂ ಇಲ್ಲ.

ಅಡವಿಯ ಹೂವುಗಳತ್ತ ನಮ್ಮ ಕರ್ತನು ಶಿಷ್ಯರ ಕಣ್ಣನ್ನು ತಿರುಗಿಸಿದನಷ್ಟೆ. ನಡುಹಗಲಿನಲ್ಲಿ ಕಂಡುದರಿಂದಲೇ ಗಿಡವನ್ನಾಗಲಿ ಮಕ್ಕಳನ್ನಾಗಲಿ ತೀರ್ಮಾನಿಸದೆ, ಅವರವರು ಅರಳುವ ಹೊತ್ತಿನವರೆಗೆ ಕಾದು ನೋಡುವುದು ಲೇಸು.