ಟೇಪಿಗೂ ಪುಟಸಂಖ್ಯೆ!

ಮಕ್ಕಳೇ, ಪುಸ್ತಕದಲ್ಲಿ ಬೇಕಾದ ಪಾಠ ಹುಡುಕಲು ಪುಟಸಂಖ್ಯೆ ನೋಡುತ್ತೀರಿ. ಎರಡು ಗಂಟೆಯ ಟೇಪಿನಲ್ಲಿ ಬೇಕಾದ ಹಾಡು ಹುಡುಕುವುದು ಹೇಗೆ? ಅಜ್ಜ, ಅಜ್ಜಿಯರನ್ನು ಕೇಳಿ. ಹಳೆಯ ಕ್ಯಾಸೆಟ್ಟನ್ನು ಮುಂದೆ ಓಡಿಸಿ, ನಿಲ್ಲಿಸಿ, ಕೇಳಿ, ಮತ್ತೆ ಹಿಂದೆ ಓಡಿಸಿದ್ದು ಅವರಿಗೆ ನೆನಪಿರುತ್ತದೆ. ಅದರ ಮೂರಂಕಿಯ ಕೌಂಟರ್ ಸುರುಳಿಯ ಸುತ್ತುಗಳನ್ನು ಎಣಿಸುತ್ತಿತ್ತು, ಸಮಯವನ್ನಲ್ಲ.

1987ರಲ್ಲಿ ಜಪಾನಿನ ಸೋನಿ ಕಂಪನಿ ಡಿಜಿಟಲ್ ಆಡಿಯೋ ಟೇಪ್, ಅಂದರೆ ‘ಡ್ಯಾಟ್’ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು. ಇದರ ಟೇಪಿನ ಅಗಲ 4 ಮಿ.ಮೀ.ಗೂ ಕಡಿಮೆ. ನಿಮಿಷಕ್ಕೆ 2000 ಸುತ್ತು ತಿರುಗುವ ಪುಟ್ಟ ಉರುಳೆ ಅದರ ಮೇಲೆ ಓರೆಗೆರೆಗಳನ್ನು ಬರೆಯುತ್ತದೆ. ಪ್ರತಿ ಗೆರೆಯ ನಡುಭಾಗ ಹಾಡಿಗೆ. ಎರಡು ತುದಿಗಳಲ್ಲಿ ಗುರುತು ಮತ್ತು ಸಮಯಕ್ಕೆ ಬೇರೆ ಜಾಗ. ಆದ್ದರಿಂದ ರೆಕಾರ್ಡಿಂಗ್ ಮುಗಿದ ಮೇಲೂ ಹಾಡಿಗೆ ಧಕ್ಕೆಯಾಗದಂತೆ ಗುರುತು ಹಾಕಬಹುದು, ಅಳಿಸಲೂಬಹುದು.

‘ಸ್ಟಾರ್ಟ್ ಐಡಿ’ ಎಂಬ ಗುರುತು ಹಾಡು ಇಲ್ಲಿ ಶುರು ಎನ್ನುತ್ತದೆ. ‘ಸ್ಕಿಪ್ ಐಡಿ’ ಇಲ್ಲಿಂದ ಮುಂದಿನ ಹಾಡಿಗೆ ಹೋಗು ಎನ್ನುತ್ತದೆ. ಸ್ಟಾರ್ಟ್ ಗುರುತಿನ ಉದ್ದ 9 ಸೆಕೆಂಡು. ಟೇಪು ಸರ್ರನೆ ಓಡುವಾಗಲೂ ಅದು ಯಂತ್ರಕ್ಕೆ ಸಿಗಬೇಕಲ್ಲವೇ? ಜೊತೆಗೆ ಹಾಡುಗಳಿಗೆ ಕ್ರಮಸಂಖ್ಯೆ ಉಂಟು. ನಡುವೆ ಹೊಸ ಗುರುತು ಸೇರಿಸಿ ಸಂಖ್ಯೆ ಏರುಪೇರಾದರೆ ‘ರೀನಂಬರ್’ ಗುಂಡಿ ಒತ್ತಬೇಕು. ಯಂತ್ರ ಟೇಪನ್ನು ಮೊದಲಿಗೆ ಸುತ್ತಿಕೊಂಡು 1ರಿಂದ ಸಾಲಾಗಿ ಸಂಖ್ಯೆ ಹಾಕುತ್ತದೆ.

ಇನ್ನು ಸಮಯ. ಟೇಪಿನ ಆರಂಭದಿಂದ ಎಷ್ಟು ಗಂಟೆ, ನಿಮಿಷ, ಸೆಕೆಂಡು ಆಯಿತೆಂಬುದು ಹಾಡಿನ ಜೊತೆಗೇ ದಾಖಲಾಗುತ್ತದೆ. ಸ್ಟುಡಿಯೋಗಳ ದೊಡ್ಡ ಯಂತ್ರಗಳ ‘ಟೈಮ್ ಕೋಡ್’ ಇನ್ನೂ ಸೂಕ್ಷ್ಮ. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅದು ಎಷ್ಟನೆಯ ಚಿತ್ರ ಎಂಬುದನ್ನೂ ಹೇಳುತ್ತದೆ. ತುಟಿಗೂ ಮಾತಿಗೂ ತಾಳೆಯಾಗಲು ಇದು ಬೇಕು.

ಒಂದು ನಿಯಮ ಮಾತ್ರ ಮರೆಯಬಾರದು: ಎರಡು ರೆಕಾರ್ಡಿಂಗ್‌ಗಳ ನಡುವೆ ಖಾಲಿ ಟೇಪು ಬಿಡಬಾರದು. ಬಿಟ್ಟರೆ ಸಮಯದ ಎಣಿಕೆ ತುಂಡಾಗುತ್ತದೆ. ನಾವು ಬ್ಯಾಂಕಿನ ಲೆಡ್ಜರಿನಲ್ಲಿ ಎರಡು ನಮೂದುಗಳ ನಡುವೆ ಖಾಲಿ ಸಾಲು ಬಿಡುತ್ತಿರಲಿಲ್ಲ, ಹಾಗೆಯೇ.

ಸೋನಿ 2005ರಲ್ಲಿ ಡ್ಯಾಟ್ ಯಂತ್ರಗಳ ತಯಾರಿಕೆ ನಿಲ್ಲಿಸಿತು. ಟೇಪುಗಳು ಉಳಿದಿವೆ, ಓದುವ ಯಂತ್ರಗಳು ಕಡಿಮೆಯಾಗುತ್ತಿವೆ. ಅಂಥ ಟೇಪು ನಿಮ್ಮಲ್ಲಿದ್ದರೆ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಧ್ವನಿಯೊಂದಿಗೆ ಗುರುತುಗಳೂ ಬರುತ್ತವೆಂಬ ಭರವಸೆಯಿಲ್ಲ. ಆದ್ದರಿಂದ ಸಂಖ್ಯೆ, ಸಮಯ, ಹಾಡಿದವರ ಹೆಸರು ಕಾಗದದಲ್ಲಿ ಬರೆದಿಡಿ.

ಟೇಪು ಇಲ್ಲವೇ? ಈ ಭಾನುವಾರ ಅಜ್ಜಿ ಹೇಳುವ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಯಾವ ಕಥೆ ಎಷ್ಟನೆಯ ನಿಮಿಷಕ್ಕೆ ಶುರುವಾಗುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದೆ ನಿಮ್ಮ ಮಕ್ಕಳು ಕೇಳಿದಾಗ ಹುಡುಕಾಡಬೇಕಾಗುವುದಿಲ್ಲ.