ಭೂಶಾಖದ ಬಾವಿ: ಮೀಟರ್ ಸೊನ್ನೆ ತೋರಿಸಿದರೆ ಸಾಕಾ?

ಇವತ್ತಿನ ವಿಷಯ ಜಿಯೋಥರ್ಮಲ್ ಬಾವಿ, ಅಂದರೆ ಭೂಮಿಯ ಶಾಖಕ್ಕಾಗಿ ಕೊರೆಯುವ ಬೋರ್. ಮುಂಬಯಿಯಲ್ಲಿ ಇದೆಲ್ಲಿ ಬಂತು ಅಂತೀರಾ? ವಜ್ರೇಶ್ವರಿ, ಗಣೇಶಪುರಿಯ ಬಿಸಿನೀರಿನ ಕುಂಡಗಳನ್ನು ನಿಮ್ಮಲ್ಲಿ ಹಲವರು ನೋಡಿರ್ತೀರಿ. ಆಳದಲ್ಲಿ ಕಾದ ನೀರು ಬಿರುಕುಗಳಿಂದ ತಾನಾಗೇ ಮೇಲೆ ಬರುವ ಜಾಗ ಅದು. ಆದರೆ ನಮ್ಮ ಹೌಸಿಂಗ್ ಸೊಸೈಟಿಗೆ ಬರಬಹುದಾದದ್ದು ಇನ್ನೊಂದು ಬಗೆ: ಗ್ರೌಂಡ್ ಸೋರ್ಸ್ ಹೀಟ್ ಪಂಪ್. 2025ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಭೂಶಾಖ ನೀತಿಯಲ್ಲಿ ಇದಕ್ಕೂ ಜಾಗವಿದೆ.

ಕೆಲಸ ಮಾಡೋದು ಹೀಗೆ. ಮಾಮೂಲಿ ಎಸಿ ಮನೆಯ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಇದು ನೆಲಕ್ಕೆ ಬಿಡುತ್ತದೆ. ಸಾಮಾನ್ಯವಾಗಿ 50ರಿಂದ 150 ಮೀಟರ್ ಬೋರ್ ಕೊರೆದು, ಯು ಆಕಾರದ ಪೈಪ್ ಇಳಿಸಿ, ಅದರೊಳಗೆ ಅದೇ ನೀರನ್ನು ಸುತ್ತಿಸುತ್ತಾರೆ. ಅಂತರ್ಜಲ ಒಂದು ಹನಿಯೂ ತೆಗೆಯುವುದಿಲ್ಲ. ಹಾಗಾದ್ರೆ ತೊಂದರೆ ಏನು?

ಒಂದು, ತೂತು. ಮುಂಬಯಿಯ ಕೆಳಗೆ ಹೆಚ್ಚಾಗಿ ಇರುವುದು ದಖ್ಖನ್ ಬಸಾಲ್ಟ್, ಪದರದ ಮೇಲೆ ಪದರ. ನೀರು ನಿಲ್ಲುವುದು ಮೇಲಿನ ಸವೆದ ಕಲ್ಲಿನಲ್ಲಿ ಮತ್ತು ಬಿರುಕುಗಳಲ್ಲಿ. ಸಮುದ್ರದ ಹತ್ತಿರ ಉಪ್ಪುನೀರೂ ಒಳಗೆ ಬಂದಿರುತ್ತದೆ. ಪೈಪಿನ ಸುತ್ತಲಿನ ಜಾಗವನ್ನು ಸಿಮೆಂಟ್, ಬೆಂಟೊನೈಟ್ ಜೇಡಿಯಿಂದ ಸರಿಯಾಗಿ ತುಂಬದಿದ್ದರೆ, ಬೇರೆಬೇರೆ ಇರಬೇಕಾದ ಸಿಹಿನೀರು, ಉಪ್ಪುನೀರು, ಕೊಳಚೆ ನೀರಿಗೆ ಆ ಬೋರೇ ಲಿಫ್ಟ್ ಆಗಿಬಿಡುತ್ತದೆ.

ಇದು ಬರೀ ಊಹೆಯಲ್ಲ. ಜರ್ಮನಿಯ ಸ್ಟೌಫೆನ್ ಊರಿನಲ್ಲಿ 2007ರಲ್ಲಿ ಪುರಭವನ ಬಿಸಿ ಮಾಡಲು 140 ಮೀಟರ್ ಆಳದ 7 ಬೋರ್ ಕೊರೆದರು. ಕೆಳಗಿನ ಒತ್ತಡದ ನೀರು ಮೇಲೇರಿ ಆನ್‌ಹೈಡ್ರೈಟ್ ಪದರಕ್ಕೆ ನುಗ್ಗಿತು. ಅದು ಜಿಪ್ಸಂ ಆಗಿ ಉಬ್ಬಿತು, ನೆಲ ಎದ್ದಿತು, 250ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ನಮ್ಮ ಬಸಾಲ್ಟ್ ಹಾಗೆ ಉಬ್ಬುವುದಿಲ್ಲ, ಆ ಭಯ ಬೇಡ. ಆದರೆ ನೀರು ಬೋರ್ ಹಿಡಿದು ಪದರ ದಾಟುವುದು ಎಲ್ಲಿಯಾದರೂ ಆಗಬಹುದು.

ಎರಡು, ಶಾಖ. ಜರ್ಮನಿಯಲ್ಲಿ ಬೇಸಿಗೆಯಲ್ಲಿ ನೆಲಕ್ಕೆ ಹಾಕಿದ ಶಾಖವನ್ನು ಚಳಿಗಾಲದಲ್ಲಿ ವಾಪಸ್ ತೆಗೆಯಬಹುದು. ನಮ್ಮಲ್ಲಿ ಚಳಿಗಾಲ ಎಲ್ಲಿದೆ? ನೆಲ ಆಗಲೇ ಸುಮಾರು 27 ಡಿಗ್ರಿ. ವರ್ಷವಿಡೀ ಬರೀ ಕ್ರೆಡಿಟ್, ಡೆಬಿಟ್ಟೇ ಇಲ್ಲ. ಅಕ್ಕಪಕ್ಕದ ಸೊಸೈಟಿಗಳೂ ಹಾಕಿಸಿದರೆ ಸುತ್ತಲ ಅಂತರ್ಜಲ ನಿಧಾನಕ್ಕೆ ಬಿಸಿಯಾಗುತ್ತದೆ, ಯಂತ್ರದ ಉಳಿತಾಯವೂ ಇಳಿಯುತ್ತದೆ.

ಈಗ ಕಾನೂನು. ಮಹಾರಾಷ್ಟ್ರದ ಅಂತರ್ಜಲ ಕಾಯ್ದೆ 2009ರದು. 60 ಮೀಟರ್ ಮೀರಿದ ಬಾವಿಗೆ ಅದು ಹಾಕುವ ತಡೆ ಕೃಷಿ ಮತ್ತು ಕೈಗಾರಿಕೆಯ ಬಳಕೆಗೆ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ಎನ್‌ಒಸಿ, ಮೀಟರ್ ಕೇಳುತ್ತದೆ. 2025ರ ಏಪ್ರಿಲ್‌ನಲ್ಲಿ ಟ್ಯಾಂಕರ್‌ನವರು ಮುಷ್ಕರ ಹೂಡಿದ್ದು ಇದೇ ನಿಯಮಗಳಿಗಾಗಿ, ನೆನಪಿರಬಹುದು. ಈ ಎನ್‌ಒಸಿ, ಮೀಟರ್‌ಗಳೆಲ್ಲ ಅಳೆಯುವುದು ಎಷ್ಟು ನೀರು ತೆಗೆದಿರಿ ಅನ್ನೋದನ್ನು. ಹೀಟ್ ಪಂಪ್ ಬೋರಿನಲ್ಲಿ ಆ ಮೀಟರ್ ಸದಾ ಸೊನ್ನೆ! ಸರ್ವರ್‌ಗೆ ರೇಟ್ ಲಿಮಿಟ್ ಹಾಕಿ ಫೈರ್‌ವಾಲ್ ಮರೆತ ಹಾಗೆ.

ಹಾಗಂತ ನಾನು ಈ ತಂತ್ರಜ್ಞಾನದ ವಿರೋಧಿ ಅಲ್ಲ. ಹೊರಗಿನ ಗಾಳಿ 34 ಡಿಗ್ರಿ ಇದ್ದಾಗ 27 ಡಿಗ್ರಿಯ ನೆಲಕ್ಕೆ ಶಾಖ ಬಿಡೋದು ಖಂಡಿತ ಸುಲಭ, ಕರೆಂಟೂ ಉಳಿಯುತ್ತೆ. ಆದರೆ ನಾಳೆ ನಿಮ್ಮ ಸೊಸೈಟಿಯ ಸಭೆಗೆ ಇಂಥ ಪ್ರಸ್ತಾಪ ಬಂದರೆ, ಕೈ ಎತ್ತುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಕೊರೆಯುವಾಗ ಸಿಕ್ಕ ಪದರಗಳ ದಾಖಲೆ ನಮಗೆ ಕೊಡ್ತೀರಾ? ಬೋರನ್ನು ತಳದಿಂದ ಮೇಲಿನವರೆಗೆ ತುಂಬಿ ಮುಚ್ಚಿದ್ದಕ್ಕೆ ಪುರಾವೆ ಏನು? ಹತ್ತಿರದ ಬಾವಿಯ ಉಪ್ಪಿನಂಶ, ತಾಪಮಾನವನ್ನು ಮೊದಲೂ ಆಮೇಲೂ ಅಳೆಯುವವರು ಯಾರು? ಪೈಪ್ ಸೋರಿದರೆ ಹೊಣೆ ಯಾರದು?

ಕಾನೂನು ಇವನ್ನು ಕೇಳುವವರೆಗೆ ನಾವೇ ಕೇಳಬೇಕು. ಟ್ಯಾಂಕರ್ ನಿಂತ ದಿನ ಕಾಂಪೌಂಡಿನ ಬಾವಿಯೇ ಗತಿ ಅಲ್ವಾ? ಮುಂದಿನ ವಿಡಿಯೋದಲ್ಲಿ ಸಿಗೋಣ.